‘ಪರಾ’ ಅಂದರೆ ಹಬೆಯೋ, ಜೋಡಿಯೋ, ಒಂದು ದಿನವೋ?

ಪ್ರಶ್ನೆ: ಲಿಥುವೇನಿಯನ್, ಪೋಲಿಷ್, ಸ್ಲೊವಾಕ್ ಮೂರರಲ್ಲೂ ‘ಪರಾ’ ಅನ್ನುವ ಪದ ಇದೆಯಂತೆ, ಅರ್ಥ ಮಾತ್ರ ಬೇರೆ ಬೇರೆಯಂತೆ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬಂತು?
– ಓದುಗರೊಬ್ಬರು, ಮೈಸೂರು

ಉತ್ತರ: ಅರ್ಥ ಬೇರೆ ಅನ್ನುವುದು ನಿಜ. ಆದರೆ ಅದು ಒಂದೇ ಪದ ಅಂದುಕೊಂಡರೆ ದಾರಿ ತಪ್ಪುತ್ತೇವೆ. ನಮ್ಮ ‘ಅವಸರ’ ನೋಡಿ. ಕನ್ನಡದಲ್ಲಿ ಆತುರ, ತೆಲುಗಿನಲ್ಲಿ ಅಗತ್ಯ, ಹಿಂದಿಯಲ್ಲಿ ಅವಕಾಶ. ಅಲ್ಲಿ ಸಂಸ್ಕೃತದ ಒಂದೇ ಪದ ಮೂರು ಕಡೆ ಹೋಗಿ ಬದಲಾಯಿತು. ‘ಪರಾ’ದಲ್ಲಿ ಆಗಿದ್ದು ಇದರ ತಿರುಗುಮುರುಗು. ಸಂಬಂಧವೇ ಇಲ್ಲದ ಪದಗಳು ಒಂದೇ ಥರ ಕೇಳಿಸುವ ಹಾಗಾದವು.

ಸ್ಲೊವಾಕ್‌ನಲ್ಲಿ ಪರಾ ಅಂದರೆ ಹಬೆ. ಪೋಲಿಷ್‌ನಲ್ಲೂ ಹಬೆಯೇ. ಹಳೇ ಕಾಲದ ಉಗಿ ರೈಲು ಎಂಜಿನ್ನಿಗೆ ಪೋಲಿಷ್‌ನವರು ‘ಪರೋವುಸ್’ ಅನ್ನುತ್ತಾರೆ. ಇದು ಈ ಎರಡೂ ಸೇರಿರುವ ಸ್ಲಾವಿಕ್ ಗುಂಪಿನ ಭಾಷೆಗಳ ಸ್ವಂತ ಪದ. ಆದರೆ ಪೋಲಿಷ್‌ನಲ್ಲಿ ಇನ್ನೊಂದು ಪರಾ ಇದೆ: ಜೋಡಿ. ಒಂದು ಜೊತೆ ಬೂಟೂ ಪರಾ, ಗಂಡ-ಹೆಂಡತಿಯೂ ಪರಾ. ಇದು ಜರ್ಮನ್ ಕಡೆಯಿಂದ ಬಂದದ್ದು, ಮೂಲ ಲ್ಯಾಟಿನ್. ಸ್ಲೊವಾಕರು ಜೋಡಿಗೆ ‘ಪಾರ್’ ಅಂದುಬಿಟ್ಟರು, ಗೊಂದಲ ತಪ್ಪಿತು.

ನನಗೆ ಜಾಸ್ತಿ ಇಷ್ಟವಾಗುವುದು ಲಿಥುವೇನಿಯನ್. ಅಲ್ಲಿ ಪರಾ ಅಂದರೆ ಒಂದು ಹಗಲು, ಒಂದು ರಾತ್ರಿ ಸೇರಿದ 24 ಗಂಟೆ. ಇದು ಸ್ಲಾವಿಕ್‌ನ ‘ಪೊರಾ’ದಿಂದ ತಂದ ಸಾಲ. ಪೊರಾ ಅಂದರೆ ಹೊತ್ತು, ಕಾಲ. ಜೋಡಿಗೆ ಲಿಥುವೇನಿಯನ್ನರು ಏನನ್ನುತ್ತಾರೆ ಗೊತ್ತಾ? ‘ಪೋರಾ’! ಸ್ಲಾವಿಕ್ ಪೊರಾ ಇವರ ಬಾಯಲ್ಲಿ ಪರಾ ಆಯಿತು, ಜೋಡಿ ಅನ್ನುವ ಸ್ಲಾವಿಕ್ ಪರಾ ಹೋಗಿ ಪೋರಾ ಆಯಿತು. ಸುಮ್ನೆ ತಮಾಷೆಗೆ ಅದಲುಬದಲು ಮಾಡಿದ ಹಾಗಿದೆ, ಅಲ್ವಾ?

ಅದಕ್ಕೂ ಒಂದು ಕ್ರಮವಿದೆ. ಹಳೆಯ ಸಾಲಪದಗಳಲ್ಲಿ ಸ್ಲಾವಿಕ್ ‘ಅ’ ಇದ್ದ ಕಡೆ ಲಿಥುವೇನಿಯನ್‌ನಲ್ಲಿ ‘ಓ’ ಬರುತ್ತದೆ, ‘ಒ’ ಇದ್ದ ಕಡೆ ‘ಅ’. ಪೋಲಿಷ್‌ನಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವ ‘ಪಾನ್’ ಇಲ್ಲಿ ‘ಪೋನಸ್’. ಎಲೆಕೋಸು ಅಲ್ಲಿ ‘ಕಪುಸ್ತಾ’, ಇಲ್ಲಿ ‘ಕೋಪೂಸ್ತಸ್’. ಲಿಥುವೇನಿಯನ್ ಬಾಲ್ಟಿಕ್ ಗುಂಪಿನ ಭಾಷೆ, ಸ್ಲಾವಿಕ್ ಅಲ್ಲ. ಆದರೂ ಅಕ್ಕಪಕ್ಕದ ಸ್ಲಾವಿಕ್ ಜನರ ಒಡನಾಟ ಶತಮಾನಗಟ್ಟಲೆಯದು. 1569ರಿಂದ 1795ರವರೆಗಂತೂ ಪೋಲೆಂಡ್, ಲಿಥುವೇನಿಯ ಒಂದೇ ರಾಜ್ಯವಾಗಿದ್ದವು.

ಅಂದಹಾಗೆ, ಆ 24 ಗಂಟೆಗೆ ಪೋಲಿಷ್‌ನವರು ಹೇಳುವುದು ‘ದೋಬಾ’. ಹೋಟೆಲ್ ರೂಮಿನ ಬಾಡಿಗೆ ಲೆಕ್ಕ ಹಾಕುವುದೂ ದೋಬಾದಲ್ಲೇ. ಸ್ಲೊವಾಕ್‌ನಲ್ಲೂ ದೋಬಾ ಉಂಟು. ಅಲ್ಲಿ ಅದರ ಅರ್ಥ ಯುಗ. ಶಿಲಾಯುಗವೂ ಅವರಿಗೆ ಒಂದು ದೋಬಾ.