ಭಾಷೆ ಬಾರದವರೂ ಕುಣಿದ ಹಾಡು

ಪ್ರಶ್ನೆ: ‘ಮಕರೆನಾ’ ಸ್ಪ್ಯಾನಿಷ್ ಹಾಡು. ಒಂದಕ್ಷರ ಅರ್ಥವಾಗದವರೂ ಅದಕ್ಕೆ ಕುಣಿದರು. ಇದು ಬರೀ ಅದೃಷ್ಟವೇ? – ಓದುಗರು, ದಾವಣಗೆರೆ

ಉತ್ತರ: ಅದೃಷ್ಟಕ್ಕಿಂತ ದೊಡ್ಡ ಪಾಲು ಒಂದು ರೇಡಿಯೊ ಕೇಂದ್ರದ ನಿಯಮದ್ದು. ಸ್ಪೇನಿನ ಸೆವಿಲ್ ಪಕ್ಕದ ದೋಸ್ ಎರ್ಮಾನಾಸ್ ಊರಿನ ‘ಲೋಸ್ ದೆಲ್ ರಿಯೊ’ ಜೋಡಿ 1993ರಲ್ಲಿ ಈ ಹಾಡನ್ನು ಹೊರತಂದಿತು. ಅಮೆರಿಕದ ಮಯಾಮಿಯ ಕ್ಲಬ್ಬುಗಳಲ್ಲಿ ಜನ ಕೇಳಿ ಹಾಕಿಸಿಕೊಳ್ಳುತ್ತಿದ್ದರೂ, ಅಲ್ಲಿನ ‘ಪವರ್ 96’ ಕೇಂದ್ರ ಇಂಗ್ಲಿಷ್ ಇಲ್ಲದ ಹಾಡು ಹಾಕುತ್ತಿರಲಿಲ್ಲ. ಅದಕ್ಕಾಗಿಯೇ 1995ರಲ್ಲಿ ‘ಬೇಸೈಡ್ ಬಾಯ್ಸ್’ ತಂಡದ ರೀಮಿಕ್ಸ್ ಹುಟ್ಟಿತು. ಚರಣಗಳಿಗೆ ಹೆಣ್ಣುದನಿಯ ಇಂಗ್ಲಿಷ್ ಸಾಲು ಸೇರಿಸಿದರು, ಪಲ್ಲವಿಯನ್ನು ಮಾತ್ರ ಮುಟ್ಟಲಿಲ್ಲ. ನನ್ನ ಪ್ರಕಾರ ಗೆದ್ದದ್ದು ಇಲ್ಲೇ. ಬಾಯಿಗೆ ಹತ್ತುವುದು ಪಲ್ಲವಿಯ ಸದ್ದು. ಅದನ್ನೂ ಇಂಗ್ಲಿಷಿಗೆ ತಿರುಗಿಸಿದ್ದರೆ ಆ ಸೆಳೆತವೇ ಹೋಗುತ್ತಿತ್ತು.

ಇನ್ನು ಕುಣಿತ. ಹದಿನಾರು ಎಣಿಕೆಯಲ್ಲಿ ಒಂದು ಸುತ್ತು ಮುಗಿಯುತ್ತದೆ. ಮೊದಲು ಬಲಗೈ, ಆಮೇಲೆ ಎಡಗೈ ಮುಂದಕ್ಕೆ ಚಾಚಬೇಕು, ಅಂಗೈ ಕೆಳಗೆ. ಅದೇ ಕ್ರಮದಲ್ಲಿ ಅಂಗೈ ಮೇಲೆ. ನಂತರ ಒಂದೊಂದೇ ಕೈ ಎದುರು ಭುಜ, ತಲೆಯ ಹಿಂಭಾಗ, ಎದುರು ಸೊಂಟ, ಹಿಂಬದಿಗೆ: ಹನ್ನೆರಡಾಯಿತು. ಮೂರು ಎಣಿಕೆ ಸೊಂಟ ತಿರುಗಿಸಿ, ಹದಿನಾರನೆಯದಕ್ಕೆ ಹಾರಿ ಕಾಲು ಸುತ್ತು ತಿರುಗಿದರೆ ಮತ್ತೆ ಮೊದಲಿನಿಂದ. ಹಾಡಿನ ಲಯ ನಿಮಿಷಕ್ಕೆ ಸುಮಾರು 103 ಬೀಟ್. ಒಂದು ಸುತ್ತಿಗೆ ಒಂಬತ್ತು ಸೆಕೆಂಡು ಸಾಕು. ಹೆಜ್ಜೆ ಹಾಕಿ ಜಾಗ ಬದಲಿಸಬೇಕಿಲ್ಲ, ಜೊತೆಗಾರರು ಬೇಕಿಲ್ಲ. ಎರಡು ಸುತ್ತು ನೋಡಿದವರು ಮೂರನೆಯದಕ್ಕೆ ಸೇರಿಕೊಳ್ಳಬಹುದು. ಮದುವೆಮನೆ, ಕ್ರೀಡಾಂಗಣಗಳಿಗೆಲ್ಲ ಅದು ಹಬ್ಬಿದ್ದು ಹೀಗೆ.

ಆದರೂ ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್‌ನ ತುದಿ ಮುಟ್ಟಲು 33 ವಾರ ಹಿಡಿಯಿತು. 1996ರಲ್ಲಿ 14 ವಾರ ಅಲ್ಲೇ ನಿಂತಿತು.

ಪ್ರಶ್ನೆ: ‘ಗಂಗ್ನಮ್ ಸ್ಟೈಲ್’ ಯೂಟ್ಯೂಬಿನಲ್ಲಿ ದಾಖಲೆ ಮಾಡಿಯೂ ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೇ ನಿಂತದ್ದೇಕೆ? – ಓದುಗರು, ಶಿರಸಿ

ಉತ್ತರ: ಎಣಿಕೆಯ ಕ್ರಮದಿಂದ. ದಕ್ಷಿಣ ಕೊರಿಯಾದ ಗಾಯಕ ‘ಸೈ’ ಹಾಡಿದ ಇದು 2012ರ ಡಿಸೆಂಬರಿನಲ್ಲಿ ನೂರು ಕೋಟಿ ವೀಕ್ಷಣೆ ದಾಟಿದ ಮೊದಲ ಯೂಟ್ಯೂಬ್ ವಿಡಿಯೊ. ಆದರೆ ಬಿಲ್‌ಬೋರ್ಡ್ ಮುಖ್ಯ ಪಟ್ಟಿಗೆ ಆಗ ಯೂಟ್ಯೂಬ್ ಲೆಕ್ಕ ಸೇರುತ್ತಿರಲಿಲ್ಲ, ರೇಡಿಯೊ ಪ್ರಸಾರದ ತೂಕ ಜಾಸ್ತಿ. ಕೊರಿಯನ್ ಹಾಡನ್ನು ರೇಡಿಯೊದವರು ಅಷ್ಟಾಗಿ ಹಾಕಲಿಲ್ಲ. ಏಳು ವಾರ ಎರಡನೇ ಸ್ಥಾನದಲ್ಲೇ ಉಳಿಯಿತು. 2013ರ ಫೆಬ್ರುವರಿಯಲ್ಲಿ ಯೂಟ್ಯೂಬ್ ಲೆಕ್ಕ ಸೇರಿತು, ಇದಕ್ಕೆ ತಡವಾಗಿತ್ತು.

ಪ್ರಶ್ನೆ: ಹೊರದೇಶದ ಹಾಡಿನ ರಾಗಕ್ಕೆ ಕನ್ನಡ ಸಾಹಿತ್ಯ ಬರೆದು ನಮ್ಮ ಕಾಲೇಜು ತಂಡ ಯೂಟ್ಯೂಬಿಗೆ ಹಾಕಬಹುದೇ? – ಓದುಗರು, ಉಡುಪಿ

ಉತ್ತರ: ಅನುಮತಿ ಇಲ್ಲದೆ ಬೇಡ. ಒಂದು ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ: ರಾಗ–ಸಾಹಿತ್ಯದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ನೀವೇ ವಾದ್ಯ ನುಡಿಸಿ ಹಾಡಿದರೆ ಎರಡನೆಯದರ ತಂಟೆ ಇರದು. ಮೊದಲನೆಯದು ಹಾಗೆಯೇ ಇರುತ್ತದೆ. ಸಾಹಿತ್ಯ ಬದಲಿಸುವುದಕ್ಕೆ ಆ ಹಾಡಿನ ಪ್ರಕಾಶಕರ, ಅಂದರೆ ರಾಗ–ಸಾಹಿತ್ಯದ ಹಕ್ಕು ನೋಡಿಕೊಳ್ಳುವವರ, ಲಿಖಿತ ಒಪ್ಪಿಗೆಯೇ ಬೇಕು. ಯೂಟ್ಯೂಬಿನ ತಪಾಸಣೆ ರಾಗವನ್ನೂ ಗುರುತಿಸಬಲ್ಲದು. ಆಗ ವಿಡಿಯೊ ನಿಲ್ಲಬಹುದು, ಇಲ್ಲವೇ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು. 1989ರಲ್ಲಿ ಯುರೋಪನ್ನು ಕುಣಿಸಿದ ‘ಲಂಬಾಡಾ’ದ ರಾಗ ಬೊಲಿವಿಯಾದ ‘ಲೋಸ್ ಕ್ಯಾರ್ಕಾಸ್’ ತಂಡದ ಹಾಡಿನದು. ಒಪ್ಪಿಗೆ ಕೇಳಿರಲಿಲ್ಲ, ಮೂಲ ರಚನಕಾರರು ದಾವೆ ಹೂಡಿ ಪರಿಹಾರ ಪಡೆದರು. ಹಾಡಿನ ವಿವರಗಳಲ್ಲಿ ಪ್ರಕಾಶಕರ ಹೆಸರಿರುತ್ತದೆ, ರೆಕಾರ್ಡಿಂಗಿಗೆ ಖರ್ಚು ಮಾಡುವ ಮುಂಚೆ ಅವರಿಗೆ ಇಮೇಲ್ ಬರೆಯಿರಿ.