42 ಜೊತೆ ಕಾಲ್ಮರಿ

ಹುಬ್ಬಳ್ಳಿ ವಿದ್ಯಾನಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮಗಳು ಮನೆಯ ಚಪ್ಪಲಿ, ಬೂಟುಗಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಇಟ್ಟು ಎಣಿಸಿದಳು. ನಾಲ್ಕು ಮಂದಿಗೆ 42 ಜೊತೆ! ಈಗೆಲ್ಲ ಮಿನಿಮಲಿಸಂ ಅಂತೆ. ವರ್ಷದಲ್ಲಿ ಒಮ್ಮೆಯೂ ಹಾಕದ್ದನ್ನು ಹೊರಗೆ ಹಾಕು, ಒಬ್ಬೊಬ್ಬರಿಗೆ ಮೂರೇ ಜೊತೆ ಸಾಕು ಎನ್ನುತ್ತಾಳೆ. ನಮ್ಮ ಮನೆಯವರು ಒಂದನ್ನೂ ಮುಟ್ಟಗೊಡುವುದಿಲ್ಲ. ಇರಲಿ ಬಿಡು, ಎದಕ್ಕಾರ ಬರ್ತಾವ ಅಂತಾರೆ. ಯಾರ ಮಾತು ಸರಿ?"

ಅಕ್ಕಾವರೇ, ಮಗಳು ಹೇಳಿದ್ದರಲ್ಲಿ ಸುಳ್ಳಿಲ್ಲ. 42 ಜಾಸ್ತಿಯೇ ಆಯಿತು. ಬಾಗಿಲಲ್ಲಿ ಎಡವದೆ ಒಳಗೆ ಬರುವಂತಾದರೆ ಬಂದವರಿಗೂ ಒಳ್ಳೆಯದು. ಮಗಳ ಪರವಾಗಿ ನನ್ನದು ಇಷ್ಟೇ.

ಇನ್ನು ಈ "ಹೊರಗೆ ಹಾಕು" ಅನ್ನುವುದು. ಎಲ್ಲಿ ಹಾಕುವುದು? ಕಸದ ಗಾಡಿಗೆ ಕೊಟ್ಟರೆ ರಬ್ಬರು, ರೆಕ್ಸಿನ್, ಫೋಮು ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಹೋಗುತ್ತವೆ. ಬಿಡಿಸಿ ಬೇರೆ ಮಾಡುವವರು ಯಾರು? ಯಾರಿಗಾದರೂ ಕೊಟ್ಟುಬಿಡಿ ಎನ್ನುವವರೂ ಇದ್ದಾರೆ. ಹಿಮ್ಮಡಿ ಒಂದು ಕಡೆ ಸವೆದ ಬೂಟನ್ನು ಮನೆಗೆಲಸದವರ ಕೈಗಿಟ್ಟು ದಾನ ಮಾಡಿದೆ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಕಿ ಹಾಕಿ ನಿಮ್ಮ ಪಾದದ ಆಕಾರಕ್ಕೆ ಬಂದದ್ದು ಇನ್ನೊಬ್ಬರ ಕಾಲಿಗೆ ಹೇಗೆ ಕೂಡುತ್ತದೆ? ಶನಿವಾರ ಹನುಮಪ್ಪನ ಗುಡಿ ಮುಂದೆ ಚಪ್ಪಲಿ ಕಳೆದರೆ ಶನಿ ಕಾಟ ಹೋಯಿತು ಎಂದು ಖುಷಿಪಡುವವರು ನಮ್ಮಲ್ಲಿದ್ದಾರೆ. ನನ್ನ ಲೆಕ್ಕದಲ್ಲಿ ಅವರೇ ಮೊದಲ ಮಿನಿಮಲಿಸ್ಟರು.

ನಿಮ್ಮ 42ರಲ್ಲಿ ಎಷ್ಟು ಜೊತೆ ಒಂದು ಹೊಲಿಗೆ, ಒಂದು ಬಾರು ಕೇಳುತ್ತ ಮೂಲೆ ಸೇರಿವೆ, ಅದನ್ನು ನೀವು ಬರೆಯಲಿಲ್ಲ. ನನಗೆ ಬೇಕಿದ್ದದ್ದು ಆ ಲೆಕ್ಕ.

ದುರ್ಗದಬೈಲಿನ ಹತ್ತಿರ ಛತ್ರಿ ಕೆಳಗೆ ಕೂರುವ ಒಬ್ಬರ ಬಳಿ ನಾನು ಹೊಲಿಸುತ್ತೇನೆ. ಚಪ್ಪಲಿ ಕೈಗೆ ಬಂದ ಕೂಡಲೇ ಬೋರಲು ಹಾಕುತ್ತಾರೆ. ಅಟ್ಟೆಯನ್ನು ಬಗ್ಗಿಸಿ, ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ. ಉಳಿಯಿಂದ ತೂತು ಮಾಡಿ, ಮೇಣ ತಿಕ್ಕಿದ ದಾರವನ್ನು ಎರಡೂ ಕಡೆಯಿಂದ ಜಗ್ಗುತ್ತಾರೆ. ಆಮೇಲೆ ಹೊಲಿಗೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಮಾತು ಕಡಿಮೆ. ಹೋದ ವರ್ಷ ದೊಡ್ಡ ಶೋರೂಮಿನಲ್ಲಿ ಕೊಂಡ ನನ್ನ ಬೂಟಿನ ಅಟ್ಟೆ ನಾಲ್ಕೇ ತಿಂಗಳಿಗೆ ಬಾಯಿ ತೆರೆಯಿತು. ಅಂಗಡಿಯವರು "ರಿಪೇರಿ ಮಾಡುವುದಿಲ್ಲ ಸರ್, ಆಫರ್ ನಡೀತಿದೆ, ಹೊಸದು ತಗೊಳ್ಳಿ" ಎಂದರು. ಇವರ ಬಳಿ ಒಯ್ದೆ. ಬಗ್ಗಿಸಿ ನೋಡಿ, "ಬರೀ ಅಂಟಿನ ಮಾಲ ಐತ್ರಿ, ಹೊಲಿಗಿ ಹಿಡಿಯಂಗಿಲ್ಲ" ಎಂದು ವಾಪಸ್ ಕೊಟ್ಟರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಅದೇ ಕೊಲ್ಹಾಪುರಿ ಚಪ್ಪಲಿ ನೋಡಿ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ, ಅಂದರೆ ಇದು ಇಂಥ ಸೀಮೆಯದೇ ಎನ್ನುವ ಭೌಗೋಳಿಕ ಗುರುತಿನಲ್ಲಿ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ಅಥಣಿ ಕಡೆ ಮನೆಮನೆಯಲ್ಲಿ ಮಾಡುತ್ತಾರೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ತೊಗಲಿನದೇ ಹೊಲಿಗೆ. ಬಾರು ಹರಿದರೆ ಬಾರು ಹಾಕಿಸಬಹುದು. ಅಟ್ಟೆ ಸವೆದರೆ ಅಟ್ಟೆ. 2025ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನಿನ ಫ್ಯಾಷನ್ ಶೋನಲ್ಲಿ ಅಂಥದ್ದೇ ಚಪ್ಪಲಿ ತೋರಿಸಿತು. ಎಲ್ಲಿಯದೆಂದು ಮೊದಲು ಬಾಯಿ ಬಿಡಲಿಲ್ಲ, ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಆಗ ನಾವೂ ಸಿಟ್ಟಾದೆವು. ಸಿಟ್ಟಾದವರಲ್ಲಿ ಎಷ್ಟು ಜನರ ಕಾಲಲ್ಲಿ ಅದಿತ್ತು ಅಂತೀರಿ?

ಕಡಿಮೆ ಸಾಮಾನಿನಲ್ಲಿ ಬದುಕಿದವರು ಅಂದರೆ ನಮಗೆ ಗಾಂಧೀಜಿ ಅಲ್ವಾ? ಅವರು ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಚಪ್ಪಲಿ ಹೊಲಿಯಲು ಕಲಿತರು. ಆ ದೇಶ ಬಿಟ್ಟು ಹೊರಡುವಾಗ, ತಮ್ಮನ್ನು ಜೈಲಿಗೆ ಹಾಕಿಸಿದ ಅಲ್ಲಿನ ಮಂತ್ರಿ ಜನರಲ್ ಸ್ಮಟ್ಸ್‌ಗೆ ತಾವೇ ಮಾಡಿದ ಒಂದು ಜೊತೆ ಕೊಟ್ಟರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆ ಹಾಕಿಕೊಂಡು, 1939ರಲ್ಲಿ ಗಾಂಧೀಜಿಗೆ 70 ತುಂಬಿದಾಗ ಹಿಂದಿರುಗಿಸಿದರು. ಇಂಥವರ ಚಪ್ಪಲಿ ಹಾಕುವ ಯೋಗ್ಯತೆ ನನಗಿಲ್ಲ ಎಂದರು. ನಮ್ಮ ಹರಳಯ್ಯ, ಕಲ್ಯಾಣಮ್ಮನವರ ಕಥೆಯಂತೂ ನಿಮಗೆ ಗೊತ್ತೇ ಇದೆ. ಅವರು ಕೊಟ್ಟ ಪಾದರಕ್ಷೆಯನ್ನು ಬಸವಣ್ಣನವರು ತಲೆ ಮೇಲೆ ಇಟ್ಟುಕೊಂಡರು. ಆ ಕಥೆಗೆ ಕಣ್ಣು ಒರೆಸಿಕೊಳ್ಳುವ ನಾವೇ ಹೊಲಿಗೆಗೆ 40 ರೂಪಾಯಿ ಕೇಳಿದರೆ 30ಕ್ಕೆ ಜಗ್ಗುತ್ತೇವೆ. ಶೋರೂಮಿನ 3,999ಕ್ಕೆ ತುಟಿ ಪಿಟಕ್ ಅನ್ನುವುದಿಲ್ಲ.

ನಿಮ್ಮ ಮನೆಯವರನ್ನೂ ಸುಮ್ನೆ ಬಿಡುವ ಹಾಗಿಲ್ಲ. ಎತ್ತಿಟ್ಟರೆ ಉಳಿಯುತ್ತದೆ ಅನ್ನುವುದು ಭ್ರಮೆ. ಪಾಲಿಯುರಿಥೇನ್ ಅನ್ನುವ ಪ್ಲಾಸ್ಟಿಕ್ಕಿನ ಅಟ್ಟೆ ಗಾಳಿಯ ತೇವಕ್ಕೆ ತಾನೇ ಹಳಸುತ್ತದೆ, ಒಂದು ದಿನ ಹಾಕಿ ಹೊರಟರೆ ದಾರಿಯಲ್ಲೇ ಪುಡಿಪುಡಿ. ಧಾರವಾಡದ ಮಳೆಗಾಲದಲ್ಲಿ ಕಪಾಟಿನೊಳಗಿನ ತೊಗಲಿಗೆ ಬೂಷ್ಟು ಬರಲು ಎಷ್ಟು ದಿನ ಬೇಕು? 1986ರಲ್ಲಿ ಫಿಲಿಪ್ಪೀನ್ಸ್ ಬಿಟ್ಟು ಓಡಿದ ಅಲ್ಲಿನ ಅಧ್ಯಕ್ಷರ ಹೆಂಡತಿ ಇಮೆಲ್ಡಾ ಮಾರ್ಕೋಸ್ ಬಿಟ್ಟುಹೋದ ರಾಶಿರಾಶಿ ಚಪ್ಪಲಿಗಳಿಗೂ ಮ್ಯೂಸಿಯಮ್ಮಿನಲ್ಲೇ ಬೂಷ್ಟು, ಗೆದ್ದಲು ಹಿಡಿದವು. ಹಾಗಾಗಿ ಗಟ್ಟಿ ಇದ್ದದ್ದನ್ನು ತೆಗೆದು ಹಾಕಿಕೊಳ್ಳಲು ಹೇಳಿ, ಮದುವೆಗೆ ಅಂತ ಕಾಯಬೇಡಿ. ಒಮ್ಮೆಯೂ ಹಾಕದೆ ಅಳತೆ ತಪ್ಪಿದವು ಇದ್ದರೆ ಅಳತೆಯವರಿಗೆ ಕೊಡಿ, ಮೊದಲು ಕೇಳಿ ಕೊಡಿ. ಉಳಿದದ್ದನ್ನು ಚೀಲಕ್ಕೆ ತುಂಬಿ ರಿಪೇರಿಗೆ ಒಯ್ಯುವ ಕೆಲಸ ಮಗಳದ್ದು.

ಅವಳು ನೋಡುವ ವಿಡಿಯೋಗಳನ್ನು ನಾನೂ ಒಂದೆರಡು ನೋಡಿದೆ. ಮನೆ ಖಾಲಿ ಮಾಡಿದ ಮೇಲೆ ಕೊನೆಗೆ ಏನು ತೋರಿಸುತ್ತಾರೆ ಗೊತ್ತೇ? ಎಲ್ಲ ಬಟ್ಟೆಗೂ ಒಪ್ಪುವ ಒಂದು ಜೊತೆ ಬಿಳಿ ಸ್ನೀಕರ್ಸ್, ಅದನ್ನು ಇಡಲು ಒಂದು ಸ್ಟ್ಯಾಂಡು. ಕೊಳ್ಳಲು ಲಿಂಕ್ ಕೆಳಗೇ ಇರುತ್ತದೆ.

ಉಳಿದ ಓದುಗರಿಗೂ ಒಂದು ಕೆಲಸ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಯಾವ ಊರಾದರೂ ಇರಲಿ, ನಿಮ್ಮ ಓಣಿಯಲ್ಲಿ ಚಪ್ಪಲಿ ಹೊಲಿಯುವವರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಅವರನ್ನೇ ಕೇಳಿ ಬರೆದು ಕಳಿಸಿ. ಶೋರೂಮಿನ ಜಾಹೀರಾತು ಬರುವ ಪುಟದಲ್ಲೇ ಅಚ್ಚು ಹಾಕುತ್ತೇವೆ, ದುಡ್ಡು ಕೇಳುವುದಿಲ್ಲ.

- ಸಂಪಾದಕ