ಓದುಗರ ಪ್ರಶ್ನೆ: ಕೈವಾರದ ಕಾಲಿನ ಮೇಜು

ಪ್ರಶ್ನೆ: ಹಳೆಯ ಪೀಠೋಪಕರಣಗಳ ಅಂಗಡಿಯೊಂದರಲ್ಲಿ ತೇಗದ ಬರೆಯುವ ಮೇಜೊಂದನ್ನು ಕೊಂಡೆ. ಅದರ ಕಾಲುಗಳು ಕೈವಾರವನ್ನು ಅಗಲಿಸಿ ನಿಲ್ಲಿಸಿದಂತಿವೆ. ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಯಾವುದೋ ಇಲಾಖೆಯ ಇಂಗ್ಲಿಷ್ ಅಕ್ಷರಗಳೂ ಒಂದು ಸಂಖ್ಯೆಯೂ ಇವೆ. ಅಂಗಡಿಯವರು ಇದು ಚಂಡೀಗಢದ ಮೇಜು ಎಂದರು. ನಂಬಬಹುದೇ? ಬಡಗಿಯೊಬ್ಬರು ಪೂರ್ತಿ ಉಜ್ಜಿ ಹೊಸ ಪಾಲಿಶ್ ಹಾಕಿಕೊಡುವುದಾಗಿ ಹೇಳಿದ್ದಾರೆ, ಹಾಕಿಸಲೇ? (ಓದುಗರು, ಬೆಂಗಳೂರು)

ಉತ್ತರ: ಬಡಗಿಯವರಿಗೆ ಸದ್ಯಕ್ಕೆ ಬೇಡವೆಂದು ಹೇಳಿ; ಉಳಿದದ್ದನ್ನು ನಿಧಾನವಾಗಿ ನೋಡೋಣ.

ಚಂಡೀಗಢ ನಗರವನ್ನು ಹೊಸದಾಗಿ ಕಟ್ಟುವ ಯೋಜನೆ 1951ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಕೈಗೆ ಬಂದಿತಾದರೂ ಅವರು ಆಗಾಗ ಬಂದು ಹೋಗುತ್ತಿದ್ದವರು. 1965ರವರೆಗೆ ಅಲ್ಲಿಯೇ ನೆಲೆಸಿ ದಿನನಿತ್ಯದ ಕೆಲಸವನ್ನು ನಡೆಸಿದವರು ಅವರ ದಾಯಾದಿ ಸಹೋದರ ಪಿಯರ್ ಜೆನರೆ. ಸಚಿವಾಲಯ, ಹೈಕೋರ್ಟ್, ವಿಶ್ವವಿದ್ಯಾಲಯ, ಗ್ರಂಥಾಲಯಗಳೆಲ್ಲ ಒಂದರ ಹಿಂದೆ ಒಂದು ಎದ್ದು ನಿಂತಾಗ ಅವುಗಳಿಗೆ ಸಾವಿರಾರು ಮೇಜು ಕುರ್ಚಿಗಳು ಬೇಕಾದವು. ಜೆನರೆ ಮತ್ತು ಯೂಲಿ ಚೌಧರಿಯವರಂಥ ಸಹೋದ್ಯೋಗಿಗಳು, ಸ್ಥಳೀಯ ಬಡಗಿಗಳು ತೇಗ, ಶೀಶಂ ಮತ್ತು ಬೆತ್ತದಲ್ಲಿ ಮಾಡಬಲ್ಲಂತಹ ಸರಳ ವಿನ್ಯಾಸಗಳನ್ನು ರಚಿಸಿದರು. ನಕ್ಷೆ ಒಂದೇ ಆದರೂ ಮಾಡಿದ ಕಾರ್ಖಾನೆಗಳು ಹಲವು. ಆದ್ದರಿಂದ ಒಂದೇ ಮಾದರಿಯ ಎರಡು ಮೇಜುಗಳ ಅಳತೆಯಲ್ಲಿ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಟೇಪು ಹಿಡಿದು ಅಸಲಿಯನ್ನು ಪತ್ತೆ ಮಾಡಲಾಗದು. ಕಾಲಿನ ಆಕಾರವೂ ಸಾಕ್ಷಿಯಲ್ಲ, ಏಕೆಂದರೆ ಫ್ರಾನ್ಸಿನಲ್ಲಿ ಜೆನರೆ ಅವರ ಜೊತೆ ಕೆಲಸ ಮಾಡಿದ್ದ ಜ್ಯಾಂ ಪ್ರೂವೆ ಇಂಥದೇ ಕೈವಾರದ ಕಾಲನ್ನು ಉಕ್ಕಿನ ತಗಡಿನಲ್ಲಿ ಮಾಡಿದ್ದರು, ಮತ್ತು ಆ ಆಕಾರವನ್ನು ಇಂದು ಯಾವ ಕಾರ್ಖಾನೆಯೂ ನಕಲು ಮಾಡಬಲ್ಲದು.

ಇನ್ನು ಆ ಬಿಳಿ ಅಕ್ಷರಗಳು. ಅವು ಸರಕಾರಿ ಸಾಮಾನು ಕಾಣೆಯಾಗದಿರಲೆಂದು ಬರೆದ ಲೆಕ್ಕದ ಗುರುತು, ಅಷ್ಟೇ. ಹಳತಾದ ಮೇಜುಗಳನ್ನು ಕಚೇರಿಗಳು ಗುಜರಿಯಾಗಿ ಹರಾಜು ಹಾಕಿದಾಗ ವಿದೇಶಿ ವ್ಯಾಪಾರಿಗಳು ಕೊಂಡುಹೋದರು. ಅವೇ ಮೇಜುಗಳು ಯುರೋಪು ಅಮೆರಿಕಗಳ ಹರಾಜುಕಟ್ಟೆಗಳಲ್ಲಿ ಲಕ್ಷಗಟ್ಟಲೆ ರೂಪಾಯಿ ಬೆಲೆಗೆ ಹೋಗತೊಡಗಿದ ಮೇಲೆ ಆ ಗುರುತಿಗೂ ಬೆಲೆ ಬಂದಿತು. ಬೆಲೆ ಬಂದದ್ದನ್ನು ಬರೆದುಕೊಡುವವರೂ ಇರುತ್ತಾರೆ. ತಗಡಿನ ಅಚ್ಚು ಇಟ್ಟು ಬಣ್ಣ ಹಚ್ಚುವುದು ಅರ್ಧ ಗಂಟೆಯ ಕೆಲಸ. ನೀವು ಒಂದು ಭೂತಗನ್ನಡಿ ಹಿಡಿದು ಆ ಅಕ್ಷರಗಳನ್ನು ನೋಡಿ. ಮರದ ಮೇಲಿನ ಗೀರು ಬಣ್ಣವನ್ನು ಕೊಯ್ದುಕೊಂಡು ಹೋಗಿದ್ದರೆ ಅಕ್ಷರ ಮೊದಲು ಬಂತು, ಗೀರು ಆಮೇಲೆ ಬಿತ್ತು. ಬಣ್ಣವೇ ಗೀರಿನೊಳಕ್ಕೆ ಇಳಿದು ಕುಳಿತಿದ್ದರೆ ಹಳೆಯ ಮರಕ್ಕೆ ಹೊಸ ಅಕ್ಷರ ಬರೆದಿದ್ದಾರೆ ಎಂದು ಅನುಮಾನಿಸಬೇಕು.

ಅನಂತರ ಮೇಜನ್ನು ಇಬ್ಬರು ಹಿಡಿದು ಮಗುಚಿ ಹಾಕಿ. ದಶಕಗಳ ಕಾಲ ಕಚೇರಿಯ ನೆಲ ಒರೆಸಿದ ನೀರನ್ನು ಹೀರಿದ ಕಾಲಿನ ತುದಿ ಕಪ್ಪಾಗಿರುತ್ತದೆ, ಮತ್ತು ಆ ಕಪ್ಪು ಮೇಲೇರುತ್ತ ಕ್ರಮೇಣ ತಿಳಿಯಾಗುತ್ತದೆ. ನಾಲ್ಕೂ ಕಾಲಿಗೆ ಒಂದೇ ಎತ್ತರಕ್ಕೆ ಗೆರೆ ಎಳೆದಂತೆ ಕಪ್ಪಿದ್ದರೆ ಅದು ಬಣ್ಣದ ಕೆಲಸ. ಡ್ರಾಯರನ್ನು ಪೂರ್ತಿ ಹೊರಗೆಳೆದು ಅದು ಜಾರುವ ಪಟ್ಟಿಯನ್ನು ಮುಟ್ಟಿ ನೋಡಿ: ದಿನವೂ ಎಳೆದು ತಳ್ಳಿದ ಡ್ರಾಯರಿನಲ್ಲಿ ಆ ಪಟ್ಟಿ ಸವೆದು ನುಣುಪಾಗಿ, ಮುಂಭಾಗದಲ್ಲಿ ಸ್ವಲ್ಪ ತಗ್ಗಾಗಿರುತ್ತದೆ. ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಮೇಜೇ ಹೊಸದೆಂದು ಗಾಬರಿ ಬೇಡ, ಅದು ಆಮೇಲಿನ ರಿಪೇರಿಯೂ ಇರಬಹುದು.

ಇಷ್ಟೆಲ್ಲ ಹೊಂದಿಕೊಂಡರೂ ಸಾಬೀತಾಗುವುದು ಮೇಜಿನ ಹಳಮೆ ಮಾತ್ರ. ಚಂಡೀಗಢದ್ದೆಂದು ಹೇಳಲು ಆ ಕಚೇರಿಯ ಹರಾಜಿನ ರಸೀದಿಯಂಥ ಕಾಗದ ಬೇಕು. ಕೇಂದ್ರ ಗೃಹ ಸಚಿವಾಲಯವು 2011ರಲ್ಲಿ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳ ಮಾರಾಟ ಮತ್ತು ರಫ್ತನ್ನು ತಡೆಯುವ ಆದೇಶ ಹೊರಡಿಸಿದ್ದರಿಂದ, ಮೇಜು ಯಾವಾಗ ಹೇಗೆ ಹೊರಬಂತು ಎಂಬುದು ನಿಮ್ಮ ನೆಮ್ಮದಿಗೂ ಮುಖ್ಯ. ಕಾಗದವಿಲ್ಲದಿದ್ದರೆ ಅದನ್ನು ಚಂಡೀಗಢ ಶೈಲಿಯ ಮೇಜು ಎಂದು ಕರೆಯಿರಿ. ಒಳ್ಳೆಯ ತೇಗದ ಮೇಜಿಗೆ ಕೊಡುವಷ್ಟೇ ಹಣ ಕೊಟ್ಟಿದ್ದರೆ ನಿಮಗೆ ನಷ್ಟವೇನೂ ಇಲ್ಲ.

ಪಾಲಿಶ್ ವಿಚಾರ: ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ. ಅಕ್ಷರ, ಶಾಯಿಯ ಕಲೆ, ಮೊಣಕೈ ತಾಗಿ ಸವೆದ ಅಂಚು ಒಮ್ಮೆ ಹೋದರೆ ಹೋದಂತೆಯೇ. ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ತೆಳುವಾಗಿ ಜೇನುಮೇಣ ಸವರಿದರೆ ಸಾಕು. ನಾನೂ ಒಮ್ಮೆ ಅಜ್ಜನ ಮೇಜಿನ ಶಾಯಿಯ ಕಲೆಯನ್ನು ಉಜ್ಜಿ ತೆಗೆಸಿದವನು. ಅದರ ಜಾಗದಲ್ಲಿ ಈಗ ಒಂದು ಬಿಳಿಚಿದ ತಗ್ಗು ಇದೆ.

ಪ್ರಶ್ನೆ: ಅಂಥದೇ ಓರೆ ಕಾಲಿನ ಹಳೆಯ ಮೇಜು ನಮ್ಮಲ್ಲಿದೆ. ಎತ್ತರ 30 ಅಂಗುಲ. ಲ್ಯಾಪ್‌ಟಾಪ್ ಇಟ್ಟುಕೊಂಡರೆ ಭುಜ ನೋಯುತ್ತದೆ. ಕಾಲನ್ನು ಎರಡು ಅಂಗುಲ ಕತ್ತರಿಸಬಹುದೇ? (ಓದುಗರು, ಧಾರವಾಡ)

ಉತ್ತರ: ಬೇಡ. ಅದು ಕೈಯಲ್ಲಿ ಬರೆಯುವವರ ಎತ್ತರ. ಟೈಪು ಮಾಡುವ ಮೇಜು ಅದಕ್ಕಿಂತ ಮೂರು ನಾಲ್ಕು ಅಂಗುಲ ತಗ್ಗಿರುತ್ತಿತ್ತು. ನೇರ ಕಾಲಾದರೆ ಕತ್ತರಿಸಿದ್ದು ಕಾಣದು. ಓರೆ ಕಾಲು ಹಾಗಲ್ಲ: ತುದಿ ಕತ್ತರಿಸಿದಷ್ಟೂ ಪಾದಗಳು ಒಳಕ್ಕೆ ಸರಿಯುತ್ತವೆ, ನೆಲದ ಮೇಲಿನ ಹರವು ಕಡಿಮೆಯಾಗುತ್ತದೆ. ಕುರ್ಚಿಯನ್ನು ಎರಡು ಅಂಗುಲ ಎತ್ತರಿಸಿ, ಕಾಲಡಿಗೆ ಒಂದು ಮಣೆ ಇಟ್ಟುಕೊಳ್ಳಿ.

ಪ್ರಶ್ನೆ: ಯುರೋಪಿನಿಂದ ಊರಿಗೆ ಮರಳುತ್ತಿದ್ದೇವೆ. 1960ರ ದಶಕದ ಡೆನ್ಮಾರ್ಕಿನ ಬೀಟೆ ಮೇಜೊಂದನ್ನು ತರಬಹುದೇ? (ವಿದೇಶದ ಓದುಗರು)

ಉತ್ತರ: ಅದು ಬ್ರೆಜಿಲಿನ ಬೀಟೆಯಾಗಿದ್ದರೆ, 1992ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿರುವ ಮರ. ಸಾಮಾನು ಕಟ್ಟುವ ಮೊದಲೇ ನೀವಿರುವ ದೇಶದ ಪರವಾನಗಿ ಕಚೇರಿಯಲ್ಲಿ ಮೇಜಿನ ಕಾಲವನ್ನು ತೋರಿಸುವ ಬಿಲ್ಲು, ಹಳೆಯ ಫೋಟೋಗಳನ್ನು ಕೊಟ್ಟು ವಿಚಾರಿಸಿ. ತಂದ ಮೇಲೂ ಉಜ್ಜಿಸಬೇಡಿ. ಆ ಕಾಲದ ಹಲವು ಡೆನ್ಮಾರ್ಕ್ ಮೇಜುಗಳಲ್ಲಿ ಬೀಟೆ ಎಂಬುದು ಮೇಲೆ ಅಂಟಿಸಿದ, ಒಂದು ಮಿಲಿಮೀಟರಿನಷ್ಟೂ ದಪ್ಪವಿರದ ಹಾಳೆ ಮಾತ್ರ.